ನಿಮಗಿದು ಗೊತ್ತೆ? ಬಂದರಿಗೂ ಮೂರು ಹಂತದ ಎಚ್ಚರ

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ರೂಪುಗೊಂಡು 2004ರ ಜುಲೈ 1ರಂದು ಜಾರಿಗೆ ಬಂದ ‘ಐಎಸ್‌ಪಿಎಸ್ ಸಂಹಿತೆ’, ಅಂದರೆ ಹಡಗು ಮತ್ತು ಬಂದರುಗಳ ಅಂತರರಾಷ್ಟ್ರೀಯ ಭದ್ರತಾ ನಿಯಮಾವಳಿಯು, ವಿದೇಶಯಾನದ ಹಡಗುಗಳು ತಂಗುವ ಬಂದರು ನೆಲೆಗಳು ಅಪಾಯಗಳನ್ನು ಮೊದಲೇ ಅಂದಾಜಿಸಿ ಲಿಖಿತ ಭದ್ರತಾ ಯೋಜನೆಯನ್ನು ಹೊಂದಿರಬೇಕೆಂದು ವಿಧಿಸುತ್ತದೆ. ಈ ಸಂಹಿತೆಯ ಮೂರು ಭದ್ರತಾ ಹಂತಗಳಲ್ಲಿ ಮೊದಲನೆಯದು ನಿತ್ಯದ ಕಾವಲು, ಎರಡನೆಯದು ಅಪಾಯದ ಸಂಭವ ಹೆಚ್ಚಿದಾಗಿನ ಬಿಗಿ ತಪಾಸಣೆ. ದಾಳಿ ಸನ್ನಿಹಿತವೆನಿಸಿದಾಗ ಘೋಷಿಸುವ ಮೂರನೆಯದರಲ್ಲಿ ಸರಕಿನ ನಿರ್ವಹಣೆಯನ್ನೇ ನಿಲ್ಲಿಸಬಹುದು. ಆದರೆ ಬೇಲಿಯೂ ಕಾವಲುಗಾರರೂ ತಡೆಯಲಾಗದ ಶತ್ರುವೊಂದುಂಟು: 2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ಕುತಂತ್ರಾಂಶವು ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಸಮೂಹದ ಗಣಕಜಾಲವನ್ನು ಕೆಡಿಸಿದಾಗ, ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹವು ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವೂ ಅಸ್ತವ್ಯಸ್ತಗೊಂಡಿತು. ಸೈಬರ್ ಅಪಾಯವನ್ನೂ ಹಡಗುಗಳ ಸುರಕ್ಷಾ ವ್ಯವಸ್ಥೆಯಲ್ಲಿ ಸೇರಿಸಬೇಕೆಂಬ ನಿರ್ಣಯವನ್ನು ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆಯು ಅಂಗೀಕರಿಸಿದ್ದು, ಕಾಕತಾಳೀಯವಾಗಿ, ಈ ಸೈಬರ್ ದಾಳಿಗೆ 11 ದಿನಗಳ ಮೊದಲಷ್ಟೇ.