ಮಾಸ್ಟ್ ಕೋಶ: ಕೆರಳಿಕೆ ಮತ್ತು ಕಡಿವಾಣ

1878ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಪೌಲ್ ಎರ್ಲಿಖ್, ಅನಿಲೀನ್ ಬಣ್ಣಗಳನ್ನು ದಟ್ಟವಾಗಿ ಹೀರುವ ಕಣಿಕೆಗಳಿಂದ ತುಂಬಿದ ಕೋಶಗಳನ್ನು ವರ್ಣಿಸಿದನು. ಇವು ಉಂಡು ಕೊಬ್ಬಿದ ಕೋಶಗಳೆಂಬುದು ಅವನ ಊಹೆ. ಜರ್ಮನ್ ಭಾಷೆಯ ‘ಮಾಸ್ಟ್’ ಪದಕ್ಕೆ ಪ್ರಾಣಿಗಳನ್ನು ಮೇಯಿಸಿ ಕೊಬ್ಬಿಸುವುದೆಂದು ಅರ್ಥ. ಊಹೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ಕಣಿಕೆಗಳಲ್ಲಿದ್ದುದು ಆಹಾರವಲ್ಲ, ಹಿಸ್ಟಮಿನ್, ಹೆಪಾರಿನ್, ಟ್ರಿಪ್ಟೇಸ್ ಮೊದಲಾದ ವಸ್ತುಗಳು.

ಚರ್ಮ, ಶ್ವಾಸಮಾರ್ಗ, ಕರುಳುಗಳಲ್ಲಿ ನೆಲೆಸಿರುವ ಈ ಕೋಶಗಳ ಉಳಿವೇ ಒಂದು ರಾಸಾಯನಿಕ ಸಂಕೇತವನ್ನು ಅವಲಂಬಿಸಿದೆ. ಸುತ್ತಲಿನ ಅಂಗಾಂಶವು ಒದಗಿಸುವ ಕಾಂಡಕೋಶ ಘಟಕವು ‘ಕಿಟ್’ ಎಂಬ ಗ್ರಾಹಕಕ್ಕೆ ತಗಲುತ್ತಿರಬೇಕು. ಅದು ನಿಂತರೆ ಕೋಶ ಸಾಯುತ್ತದೆ. ಕೆರಳಿಸುವ ಸಂಕೇತವಾದರೋ ಬೇರೆ. ಐಜಿಇ ಪ್ರತಿಕಾಯಗಳು ಕೋಶದ ಮೇಲ್ಮೈ ಗ್ರಾಹಕಗಳಲ್ಲಿ ಮೊದಲೇ ಕುಳಿತಿರುತ್ತವೆ. ಅಲರ್ಜಿಕಾರಕವು ಅಕ್ಕಪಕ್ಕದ ಪ್ರತಿಕಾಯಗಳನ್ನು ಪರಸ್ಪರ ಬೆಸೆದಾಗ ಒಳಗೆ ‘ಲಿನ್’, ‘ಸಿಕ್’ ಕಿಣ್ವಗಳು ಚುರುಕಾಗಿ, ಕ್ಯಾಲ್ಸಿಯಂ ಏರಿ, ಕೆಲವೇ ನಿಮಿಷಗಳಲ್ಲಿ ಕಣಿಕೆಗಳು ಹೊರಚೆಲ್ಲುತ್ತವೆ. ಬೆನ್ನಲ್ಲೇ ಲ್ಯುಕೋಟ್ರಿಯೀನ್ ಮತ್ತು ಪ್ರೋಸ್ಟಗ್ಲಾಂಡಿನ್‌ಗಳು ಹೊಸದಾಗಿ ತಯಾರಾಗುತ್ತವೆ. ಗಂಟೆಗಳ ನಂತರ ಸೈಟೋಕೈನ್‌ಗಳು. ಒಮ್ಮೆ ಇಳಿದ ಉಬ್ಬಸ ಮತ್ತೆ ಮರುಕಳಿಸುವುದಕ್ಕೆ ಈ ಎರಡನೆಯ ಅಲೆಯೂ ಕಾರಣ.

ಕಡಿವಾಣವೂ ಕೋಶದಲ್ಲಿಯೇ ಇದೆ. ಅಡ್ರಿನಲಿನ್ ತನ್ನ ಬೀಟಾ-2 ಗ್ರಾಹಕದ ಮೂಲಕ ಆವರ್ತಕ ಎಎಂಪಿಯನ್ನು ಹೆಚ್ಚಿಸಿ ಸ್ರಾವವನ್ನು ತಗ್ಗಿಸುತ್ತದೆ. ಜೊತೆಗೆ ಆಲ್ಫಾ ಗ್ರಾಹಕಗಳ ಮೂಲಕ ರಕ್ತನಾಳಗಳನ್ನು ಬಿಗಿಗೊಳಿಸಿ ಕುಸಿದ ರಕ್ತದೊತ್ತಡವನ್ನು ಎತ್ತುತ್ತದೆ. ಆಂಟಿಹಿಸ್ಟಮಿನ್ ಮಾತ್ರೆಯಾದರೋ ಈಗಾಗಲೇ ಹೊರಬಿದ್ದ ಹಲವು ವಸ್ತುಗಳಲ್ಲಿ ಒಂದರ ಗ್ರಾಹಕವನ್ನಷ್ಟೇ ತಡೆಯುವುದು. ತೀವ್ರ ಅನಾಫಿಲ್ಯಾಕ್ಸಿಸ್‌ನಲ್ಲಿ ಮಾತ್ರೆ ನುಂಗಿಸಿ ಕಾಯುವುದು ಜೀವಕ್ಕೆ ಎರವಾಗಬಹುದು. ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುವುದೇ ಮೊದಲ ಚಿಕಿತ್ಸೆ.

ಐಜಿಇಯ ಹಂಗಿಲ್ಲದ ಇನ್ನೊಂದು ಬಾಗಿಲೂ ಉಂಟು. ಪಠ್ಯಪುಸ್ತಕಗಳು ಇದಕ್ಕೆ ಕೊಡಬೇಕಾದಷ್ಟು ಜಾಗ ಕೊಟ್ಟಿಲ್ಲ. ನರತುದಿಗಳಿಂದ ಹೊಮ್ಮುವ ‘ಸಬ್‌ಸ್ಟನ್ಸ್ ಪಿ’ಯಂತೆ ಸಿಪ್ರೊಫ್ಲಾಕ್ಸಸಿನ್, ವ್ಯಾಂಕೊಮೈಸಿನ್ ಮೊದಲಾದ ಔಷಧಗಳೂ ‘ಎಂಆರ್‌ಜಿಪಿಆರ್‌ಎಕ್ಸ್2’ ಗ್ರಾಹಕವನ್ನು ನೇರವಾಗಿ ಕೆರಳಿಸಬಲ್ಲವು. ಇಲ್ಲಿ ಪೂರ್ವಸಂಪರ್ಕ ಬೇಕಿಲ್ಲ; ಮೊದಲ ಬಾರಿಗೆ ಔಷಧ ಪಡೆದವರಲ್ಲೂ ಮೈ ಕೆಂಪೇರಬಹುದು. ವ್ಯಾಂಕೊಮೈಸಿನ್‌ನ ವಿಷಯದಲ್ಲಿ ಹನಿಯ ವೇಗವನ್ನು ತಗ್ಗಿಸಿದರೆ ಅನೇಕ ವೇಳೆ ಅದು ಶಮನವಾಗುತ್ತದೆ. ಚರ್ಮಪರೀಕ್ಷೆಯಲ್ಲಿ ಎದ್ದ ದದ್ದು ಯಾವ ಬಾಗಿಲಿನಿಂದ ಬಂದಿತೆಂದು ವಿಚಾರಿಸದೆ ‘ಅಲರ್ಜಿ’ ಎಂದು ಬರೆದರೆ, ಆ ರೋಗಿಗೆ ಮುಂದೆ ಅಗತ್ಯವಾದಾಗಲೂ ಆ ಔಷಧ ದೊರೆಯುವುದಿಲ್ಲ.