ಹೈಡ್ರಾಲಿಕ್ ಪ್ರೆಸ್ಸಿಗೆ ಹೊಸ ಪಂಪು: ಕೊಳ್ಳುವ ಮುನ್ನ

ಭೋಸರಿಯಲ್ಲಾಗಲಿ ಅಂಬರ್‌ನಾಥದಲ್ಲಾಗಲಿ ಸಣ್ಣ ಕಾರ್ಖಾನೆ ನಡೆಸುವ ಮನೆಗಳಿಗೆ ಇದು ಹೊಸ ಸಂಗತಿಯಲ್ಲ. ಹೈಡ್ರಾಲಿಕ್ ಪ್ರೆಸ್ಸಿನ ಪಂಪು ಕೆಟ್ಟ ದಿನ ಕೆಲಸ ನಿಲ್ಲುತ್ತದೆ, ಸಂಬಳ ಮಾತ್ರ ನಿಲ್ಲುವುದಿಲ್ಲ. ಆ ಗಡಿಬಿಡಿಯಲ್ಲಿ ಅಂಗಡಿಗೆ ಧಾವಿಸಿ "200 ಬಾರಿನ ಪಂಪು ಕೊಡಿ" ಎಂದು ಕೇಳಿ ತರುವವರೇ ಹೆಚ್ಚು. ಒತ್ತಡವೊಂದನ್ನೇ ನೋಡಿ ಪಂಪನ್ನು ಆರಿಸಲಾಗದು ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ವಾಸ್ತವವಾಗಿ ಪಂಪು ತೈಲವನ್ನು ತಳ್ಳುತ್ತದೆ, ಅಷ್ಟೆ. ಮುಂದಿರುವ ಹೊರೆ ಆ ಹರಿವನ್ನು ತಡೆದಾಗ ಒತ್ತಡ ಏರುತ್ತದೆ. ಪಂಪಿನ ಮೇಲೆ ನಮೂದಿಸಿದ ಬಾರ್ ಸಂಖ್ಯೆ ಅದು ತಾಳಬಲ್ಲ ಮಿತಿ ಮಾತ್ರ. ಪ್ರೆಸ್ಸಿನ ವೇಗ ಅವಲಂಬಿಸಿರುವುದು ಪಂಪು ಒಂದು ಸುತ್ತಿಗೆ ಎಷ್ಟು ತೈಲ ತಳ್ಳುತ್ತದೆ ಎಂಬುದರ ಮೇಲೆ. 20 ಘನ ಸೆಂಟಿಮೀಟರಿನ ಪಂಪು ನಿಮಿಷಕ್ಕೆ 1450 ಸುತ್ತು ತಿರುಗಿದರೆ ಸುಮಾರು 29 ಲೀಟರ್. ಅಮೆರಿಕದ ಕ್ಯಾಟಲಾಗುಗಳಲ್ಲಿ ಅಲ್ಲಿನ 60 ಹರ್ಟ್ಜ್ ವಿದ್ಯುತ್ತಿಗೆ ತಕ್ಕಂತೆ 1750 ಸುತ್ತಿನ ಲೆಕ್ಕವಿರುವುದುಂಟು; ನಮ್ಮ 50 ಹರ್ಟ್ಜ್‌ನಲ್ಲಿ ಅದೇ ಪಂಪಿನ ಹರಿವು ಸುಮಾರು ಆರನೆಯ ಒಂದು ಪಾಲು ಕುಗ್ಗುತ್ತದೆ.

"ಸ್ವಲ್ಪ ದೊಡ್ಡದೇ ಇರಲಿ" ಎಂಬುದು ನಮ್ಮವರ ಹಳೆಯ ಚಪಲ. ಬಾರನ್ನು ನಿಮಿಷದ ಲೀಟರುಗಳಿಂದ ಗುಣಿಸಿ 600ರಿಂದ ಭಾಗಿಸಿದರೆ ಬೇಕಾದ ಕಿಲೋವ್ಯಾಟ್ ತಿಳಿಯುತ್ತದೆ. 200 ಬಾರ್, 30 ಲೀಟರಿಗೆ 10. ಪಂಪಿನೊಳಗಿನ ನಷ್ಟ ಸೇರಿದರೆ 12ರ ಸಮೀಪ. ಅದೇ 45 ಲೀಟರಿಗೆ 17ನ್ನು ಮೀರುತ್ತದೆ. 15 ಕಿಲೋವ್ಯಾಟಿನ ಹಳೆಯ ಮೋಟಾರು ಅದನ್ನು ಹೊರಲಾರದು.

ಗೇರ್ ಪಂಪು ಅಗ್ಗವಾದುದು, 200 ಬಾರಿನ ಆಸುಪಾಸಿನ ಕೆಲಸಕ್ಕೆ ಸಾಮಾನ್ಯವಾಗಿ ಸಾಲುತ್ತದೆ. ಸತತವಾಗಿ 300 ಬಾರ್ ಬೇಕಾದಲ್ಲಿ ಪಿಸ್ಟನ್ ಪಂಪು ಉಚಿತ. ಆದರೆ ಅದು ಕೊಳೆಯನ್ನು ಸಹಿಸದು. ಶಾಫ್ಟಿನ ಅಳತೆ, ತಿರುಗುವ ದಿಕ್ಕು ಹಳೆಯದಕ್ಕೆ ಹೊಂದಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇವೆಲ್ಲಕ್ಕಿಂತ ಮೊದಲು, ಹಳೆಯ ಪಂಪನ್ನು ಗುಜರಿಗೆ ಹಾಕದೆ ಬಿಚ್ಚಿಸಿ ನೋಡಿರಿ. ಒಳಗೆ ಗೀರುಗಳಿದ್ದರೆ ತೈಲದಲ್ಲಿ ಕೊಳೆಯಿತ್ತು ಎಂದರ್ಥ. ಲೋಹ ಕೊರೆದು ಸಣ್ಣ ಗುಳಿಗಳು ಬಿದ್ದಿದ್ದು, ಓಡುವಾಗ ಜಲ್ಲಿ ಅಲುಗಿಸಿದಂತಹ ಸದ್ದೂ ಬರುತ್ತಿದ್ದರೆ, ತೈಲ ಹೀರುವ ಕೊಳವೆಯ ಜಾಲರಿ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು. ಟ್ಯಾಂಕು ತೊಳೆಯದೆ, ಫಿಲ್ಟರ್ ಬದಲಿಸದೆ ಕೂರಿಸಿದ ಹೊಸ ಪಂಪು ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಗ್ಯಾರಂಟಿ ಕೇಳಲು ಹೋದರೆ ಮಾರಿದವರು ಮೊದಲು ತೋರಿಸುವುದೂ ಆ ಗೀರುಗಳನ್ನೇ.

ಜೋಡಿಸಿದ ಮೇಲೆ ರಿಲೀಫ್ ವಾಲ್ವನ್ನು ಸಡಿಲಿಸಿಯೇ ಚಾಲೂ ಮಾಡಿ, ಒತ್ತಡವನ್ನು ಮೆಲ್ಲಗೆ ಏರಿಸಬೇಕು. ಪಿಸ್ಟನ್ ಪಂಪಾದರೆ ಅದರ ಹೊಟ್ಟೆಯೊಳಗೆ ಮೊದಲೇ ಶುದ್ಧ ತೈಲ ತುಂಬಿರಬೇಕು. ಸೋರಿಕೆಯನ್ನು ಕೈಯಾಡಿಸಿ ಹುಡುಕುವ ಅಭ್ಯಾಸ ಅನೇಕ ಕೆಲಸಗಾರರಲ್ಲಿದೆ. ಅದು ಬೇಡ, ರಟ್ಟಿನ ತುಂಡು ಹಿಡಿಯಲಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ತೈಲ ಚರ್ಮವನ್ನು ಭೇದಿಸುತ್ತದೆ. ಹೊರಗೆ ಮುಳ್ಳು ಚುಚ್ಚಿದ ಗುರುತಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಹೆಚ್ಚಿರದು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಒಡನೆಯೇ ಆಸ್ಪತ್ರೆಗೆ ಕರೆದೊಯ್ದು, ಒತ್ತಡದ ತೈಲ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.