ಉಕ್ಕಿನ ಸೇತುವೆ ಹಳ್ಳ ದಾಟುವುದು ಹೇಗೆ?



ನೀವು ನವಲಗುಂದದ ಕಡೆಯವರಾದರೆ ಈ ಅನುಭವ ನಿಮಗೆ ಹೊಸದಲ್ಲ. ಊರಲ್ಲಿ ಒಂದು ಹನಿ ಮಳೆಯಿಲ್ಲ, ನೆತ್ತಿಯ ಮೇಲೆ ಬಿಸಿಲು. ಆದರೂ ‘ಹಳ್ಳ ಬಂತು’ ಎಂಬ ಕೂಗು ಕೇಳುತ್ತದೆ. ಮೇಲೆ ಕುಂದಗೋಳ, ಹುಬ್ಬಳ್ಳಿ, ಧಾರವಾಡದ ಕಡೆ ಸುರಿದ ಮಳೆ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳಲ್ಲಿ ಇಳಿದು ಬಂದು ಎರೆಹೊಲಗಳ ಮೇಲೆ ಹರಡಿಕೊಳ್ಳುತ್ತದೆ. ತಗ್ಗಿನ ಸೇತುವೆಗಳು ಮುಳುಗುತ್ತವೆ. ಹೊಲಕ್ಕೆ ಹೋದವರು ಆಚೆ, ಮನೆಯವರು ಈಚೆ.

ಒಮ್ಮೆ ಚಿತ್ರೀಕರಣಕ್ಕೆ ಯಮನೂರಿನ ಕಡೆ ಹೋಗಿದ್ದ ನಮ್ಮ ತಂಡ ಹೀಗೆಯೇ ಅರ್ಧ ದಿನ ದಂಡೆಯ ಮೇಲೆ ಕುಳಿತಿತ್ತು. ಪಕ್ಕದಲ್ಲಿ ನಿಂತಿದ್ದ ಹುಡುಗನ ತಾಯಿ ಆಚೆಯ ಹೊಲದಲ್ಲಿದ್ದಳು. ಆತ ಕೇಳಿದ: “ನೀರು ಇರೂವಾಗನ ಸೇತುವೆ ಹಾಕಾಕ ಬರೂದಿಲ್ಲೇನ್ರಿ?”

ಬರುತ್ತದೆ. ಕಾಂಕ್ರೀಟನ್ನು ಸ್ಥಳದಲ್ಲೇ ಎರಕ ಹೊಯ್ಯಬೇಕಾದರೆ ಸಾಮಾನ್ಯವಾಗಿ ಹಳ್ಳದ ಪಾತ್ರದಲ್ಲಿ ಆಸರೆಗಂಬಗಳನ್ನು ನಿಲ್ಲಿಸಬೇಕು, ಅದು ಗಟ್ಟಿಯಾಗುವವರೆಗೆ ಕಾಯಬೇಕು. ಉಕ್ಕಿನ ಸೇತುವೆಯ ಭಾಗಗಳು ಕಾರ್ಖಾನೆಯಲ್ಲೇ ತಯಾರಾಗಿ ಬರುತ್ತವೆ. ಅವನ್ನು ಒಂದು ದಂಡೆಯ ಮೇಲೆ ಜೋಡಿಸಿ, ಇಡೀ ಸೇತುವೆಯನ್ನೇ ಉರುಳೆಗಳ ಮೇಲೆ ಆಚೆ ದಂಡೆಗೆ ತಳ್ಳಬಹುದು. ಹಾಗೆ ತಳ್ಳುವಾಗ ಮೂತಿ ಕೆಳಗಾಗಿ ಅದು ನೀರಿಗೆ ಬೀಳುವುದಿಲ್ಲವೇ?

ಒಂದು ಅಡಿಪಟ್ಟಿ ತೆಗೆದುಕೊಳ್ಳಿ. ಮೇಜಿನ ಅಂಚಿನಿಂದ ನಿಧಾನವಾಗಿ ಹೊರಗೆ ತಳ್ಳಿ. ಅರ್ಧ ದಾಟಿದೊಡನೆ, ಅಂದರೆ ಅದರ ಗುರುತ್ವಕೇಂದ್ರ ಅಂಚಿನಿಂದ ಹೊರಬಿದ್ದೊಡನೆ, ಅದು ಮಗುಚುತ್ತದೆ. ಈಗ ಹಿಂಬದಿಯ ತುದಿಯ ಮೇಲೆ ಒಂದು ರಬ್ಬರಿನ ತುಂಡು ಇಟ್ಟು ಮತ್ತೆ ತಳ್ಳಿ. ಈ ಸಲ ಅರ್ಧಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ. ಎಂಜಿನಿಯರುಗಳು ಮಾಡುವುದೂ ಇದನ್ನೇ, ಜೊತೆಗೆ ಇನ್ನೊಂದು ಉಪಾಯ ಸೇರಿಸುತ್ತಾರೆ. ಸೇತುವೆಯ ಮುಂದೆ ಹಲಗೆಯಿಲ್ಲದ, ಹಗುರವಾದ ಉಕ್ಕಿನ ‘ಮೂಗು’ ಒಂದನ್ನು ಜೋಡಿಸುತ್ತಾರೆ. ಭಾರವೆಲ್ಲ ಹಿಂದೆ, ಹಗುರವೆಲ್ಲ ಮುಂದೆ. ಗುರುತ್ವಕೇಂದ್ರ ಇನ್ನೂ ಈಚೆ ದಂಡೆಯ ಮೇಲಿರುವಾಗಲೇ ಮೂಗು ಆಚೆ ದಂಡೆಯ ಉರುಳೆಗಳನ್ನು ಮುಟ್ಟಿರುತ್ತದೆ. ಆಮೇಲೆ ಬೀಳುವ ಭಯವಿಲ್ಲ. ಸೇತುವೆ ಪೂರ್ತಿ ದಾಟಿದ ಮೇಲೆ ಮೂಗನ್ನು ಬಿಚ್ಚುತ್ತಾರೆ.

ಇದು ಬರೀ ಪುಸ್ತಕದ ಮಾತಲ್ಲ. ನಮ್ಮ ನೆರೆಯ ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದು ಚೂರಲ್‌ಮಲದ ಸೇತುವೆ ಕೊಚ್ಚಿಹೋಯಿತು. ಹೊಳೆಯಾಚೆಯ ಮುಂಡಕ್ಕೈಗೆ ಯಂತ್ರಗಳನ್ನು ಸಾಗಿಸುವ ದಾರಿಯೇ ಉಳಿಯಲಿಲ್ಲ. ಆಗ ಅಲ್ಲಿಗೆ ಧಾವಿಸಿದವರು ಬೆಂಗಳೂರಿನಲ್ಲಿ ನೆಲೆಯಿರುವ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರು. ಮೇಜರ್ ಸೀತಾ ಶೆಲ್ಕೆ ಆ ತಂಡದಲ್ಲಿದ್ದರು. ಹಗಲಿರುಳು ದುಡಿದು, ಆಗಸ್ಟ್ 1ರ ಸಂಜೆಯ ಹೊತ್ತಿಗೆ 190 ಅಡಿ ಉದ್ದದ, 24 ಟನ್ ಭಾರ ತಡೆಯಬಲ್ಲ ಉಕ್ಕಿನ ಸೇತುವೆಯನ್ನು ಅವರು ಸಿದ್ಧಪಡಿಸಿದರು.

ಇದಕ್ಕೆ ಬೇಲಿ ಸೇತುವೆ ಎಂದು ಹೆಸರು. ನಮ್ಮ ಹೊಲದ ಬೇಲಿಗೂ ಇದಕ್ಕೂ ಸಂಬಂಧವಿಲ್ಲ! ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ರೂಪಿಸಿದ ಬ್ರಿಟಿಷ್ ಎಂಜಿನಿಯರ್ ಡೊನಾಲ್ಡ್ ಬೇಲಿ ಅವರ ಹೆಸರು ಅದು. ಇದರ ಮುಖ್ಯ ಭಾಗ 10 ಅಡಿ ಉದ್ದ, ಸುಮಾರು 5 ಅಡಿ ಎತ್ತರದ ಒಂದು ಉಕ್ಕಿನ ಚೌಕಟ್ಟು. ತೂಕ ಸುಮಾರು 260 ಕಿಲೋ. ಆರು ಜನ ಹೊರಬಹುದು, ದೊಡ್ಡ ಕ್ರೇನು ಬೇಕಿಲ್ಲ. ಚೌಕಟ್ಟಿಗೆ ಚೌಕಟ್ಟನ್ನು ಕೀಲು ಹಾಕಿ ಜೋಡಿಸುತ್ತ ಹೋಗುವುದು. 190 ಅಡಿಗೆ ಒಂದು ಸಾಲಿನಲ್ಲಿ 19 ಚೌಕಟ್ಟು. ಹೆಚ್ಚು ಭಾರ ತಡೆಯಬೇಕಾದರೆ ಪಕ್ಕಕ್ಕೆ ಅಥವಾ ಮೇಲಕ್ಕೆ ಇನ್ನೊಂದು ಸಾಲು.

ಬೇಲಿ ಸೇತುವೆ ತುರ್ತಿನದು. ಶಾಶ್ವತ ಸೇತುವೆಗೆ ಇನ್ನೂ ದೊಡ್ಡ ತೊಲೆಗಳು ಬೇಕು. ಅವನ್ನೂ ಹೀಗೆ ತಳ್ಳಿ ದಾಟಿಸುವುದುಂಟು. ದಾಟಿದ ಮೇಲೆ ಜಾಕುಗಳಿಂದ ಇಷ್ಟಿಷ್ಟೇ ಇಳಿಸಿ ಆಧಾರಗಳ ಮೇಲೆ ಕೂರಿಸುತ್ತಾರೆ. ಒಂದು ತುದಿಯನ್ನು ಬಿಗಿದು, ಇನ್ನೊಂದು ತುದಿಗೆ ಸರಿದಾಡಲು ಅವಕಾಶ ಬಿಡುತ್ತಾರೆ. ಏಕೆಂದರೆ ಉಷ್ಣತೆ ಒಂದು ಡಿಗ್ರಿ ಏರಿದರೆ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. 60 ಮೀಟರಿನ ಸೇತುವೆ, 30 ಡಿಗ್ರಿಯ ವ್ಯತ್ಯಾಸ. ಲೆಕ್ಕ ಹಾಕಿ ನೋಡಿ: ಎರಡು ಸೆಂಟಿಮೀಟರಿಗಿಂತ ಹೆಚ್ಚು.

ಆದರೆ ಆ ಹುಡುಗನಿಗೆ ಅಂದು ನಾನು ಅರ್ಧ ಉತ್ತರವನ್ನಷ್ಟೇ ಹೇಳಿದ್ದೆ. ಉಕ್ಕನ್ನು ದಾಟಿಸುವುದಕ್ಕಿಂತ ಕಷ್ಟದ ಕೆಲಸ ದಂಡೆಯದು. ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಆಧಾರಗೋಡೆ ಕೂರಿಸಿದರೆ ಗೋಡೆಯೂ ಏರಿಳಿಯುತ್ತದೆ. ಆದ್ದರಿಂದ ತಳಪಾಯ ಈ ಪದರವನ್ನು ದಾಟಿ, ಹಳ್ಳದ ನೀರು ಕೊರೆಯಬಹುದಾದ ಆಳವನ್ನೂ ದಾಟಿ, ಕೆಳಗಿನ ಗಟ್ಟಿ ನೆಲ ಮುಟ್ಟಬೇಕು. ಇದನ್ನು ಹಳ್ಳ ಬರುವ ಮೊದಲೇ ಮಾಡಿ ಮುಗಿಸಬೇಕು.

ಇನ್ನು ಸೇತುವೆಗೆ ಕೂಡುವ ರಸ್ತೆ. ಪ್ರವಾಹದ ನಂತರದ ಚಿತ್ರಗಳಲ್ಲಿ ನಾನು ಹಲವು ಸಲ ಕಂಡಿದ್ದೇನೆ: ಸೇತುವೆ ನಿಂತಿದೆ, ರಸ್ತೆ ಇಲ್ಲ! ನವಲಗುಂದದಂಥ ಮಟ್ಟಸ ನೆಲದಲ್ಲಿ ರಸ್ತೆಗಾಗಿ ಏರಿಸಿದ ಮಣ್ಣೇ ಅಣೆಕಟ್ಟಿನಂತಾಗಿ ನೀರನ್ನು ತಡೆಯುತ್ತದೆ. ನೀರು ಪಕ್ಕದ ಹೊಲಗಳಿಗೆ ನುಗ್ಗುತ್ತದೆ, ಕೊನೆಗೆ ಏರಿಯನ್ನೇ ಒಡೆಯುತ್ತದೆ. ಏರಿಯಲ್ಲೂ ಅಲ್ಲಲ್ಲಿ ನೀರಿಗೆ ಕಂಡಿ ಬಿಡಬೇಕು. ಇದಕ್ಕೆ ಖರ್ಚು ಹೆಚ್ಚು, ಕಣ್ಣಿಗೆ ಕಾಣುವ ಅಂದವೂ ಇಲ್ಲ. ಮೊದಲು ಕೈಬಿಡುವುದು ಇದನ್ನೇ ಎಂಬುದು ನನ್ನ ಅನುಮಾನ.

ಸೇತುವೆಯ ಎತ್ತರ ನಿರ್ಧರಿಸುವಾಗ ಅಳತೆಗೆ ಬಂದವರು ಊರ ಹಿರಿಯರನ್ನು ಕೇಳುವ ಪ್ರಶ್ನೆಯೊಂದಿದೆ: “ನೀರು ಎಲ್ಲಿಯವರೆಗೆ ಬಂದಿತ್ತು?” ತೊಲೆಯ ತಳ ಆ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು. 2019ರ ಪ್ರವಾಹದ ಗುರುತು ನಿಮ್ಮೂರಿನ ಯಾವುದಾದರೂ ಗೋಡೆಯ ಮೇಲೆ ಉಳಿದಿದ್ದರೆ, ಸುಣ್ಣ ಬಳಿಯುವ ಮೊದಲು ಅಳೆದು ಬರೆದಿಟ್ಟುಕೊಳ್ಳಿ.